ಕ್ಲೌಡ್ ಡೇಟಾಬೇಸ್‌ಗೆ ಸರ್ಟಿಫಿಕೇಟ್: ಯಾರಿಗೆ ಯಾವ ವ್ಯವಸ್ಥೆ ಸರಿ?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಈಗ ಸಣ್ಣ ಸಾಫ್ಟ್‌ವೇರ್ ತಂಡಗಳು ಸಾಕಷ್ಟಿವೆ. ಮೂರು-ನಾಲ್ಕು ಜನ ಸೇರಿ ಆಸ್ಪತ್ರೆಗೆ ಬಿಲ್ಲಿಂಗ್, ದಲಾಲಿ ಅಂಗಡಿಗೆ ಲೆಕ್ಕ, ಕೋಚಿಂಗ್ ಕ್ಲಾಸಿಗೆ ಹಾಜರಿ-ಫೀಸು, ಹೀಗೆ ಏನೇನೋ ಮಾಡಿಕೊಡುತ್ತಾರೆ. ಮೊದಲು ಅಂಗಡಿಯ ಮೂಲೆಯ ಕಂಪ್ಯೂಟರಿನಲ್ಲೇ ಇರುತ್ತಿದ್ದ ಡೇಟಾಬೇಸ್ ಈಗ ಮುಂಬೈಗೋ ಹೈದರಾಬಾದಿಗೋ ಬೆಂಗಳೂರಿಗೋ, ಕ್ಲೌಡ್ ಕಂಪನಿಗಳ ಸರ್ವರಿಗೆ ಹೋಗಿದೆ. ಅದರ ಹಿಂದೆಯೇ ಸರ್ಟಿಫಿಕೇಟ್ ನೋಡಿಕೊಳ್ಳುವ ಕೆಲಸವೂ ಬಂದಿದೆ. ಸರ್ಟಿಫಿಕೇಟ್ ಅಂದರೆ ಆಚೆ ಕಡೆ ಇರುವುದು ನಿಜವಾದ ಸರ್ವರೇ ಅಂತ ತೋರಿಸುವ, ಅವಧಿ ಇರುವ ಡಿಜಿಟಲ್ ಗುರುತಿನ ಚೀಟಿ. ಕ್ಲೌಡ್ ಆರಿಸುವಾಗ ಎಲ್ಲರೂ ತಿಂಗಳ ಬಿಲ್ ಎಷ್ಟು ಅಂತ ಕೇಳುತ್ತಾರೆ, ಸ್ಪೀಡ್ ಕೇಳುತ್ತಾರೆ. ಸರ್ಟಿಫಿಕೇಟ್ ಹೇಗೆ ಅಂತ ಕೇಳುವವರು ಕಡಿಮೆ. ಆದರೆ ಎರಡು-ಮೂರು ವರ್ಷ ಆದ ಮೇಲೆ ಒಂದು ದಿನ ಎಲ್ಲ ಅಂಗಡಿಯಲ್ಲೂ ಒಟ್ಟಿಗೇ ಬಿಲ್ ನಿಲ್ಲುವುದು ಇದರಿಂದಲೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸರ್ವರ್ ಕಡೆ ಸರ್ಟಿಫಿಕೇಟ್ ರಿನ್ಯೂ ಮಾಡುವವರು ಯಾರು ಅನ್ನುವುದು ಎರಡನೆಯ ಪ್ರಶ್ನೆ. ಅದನ್ನು ಪರೀಕ್ಷೆ ಮಾಡುವ ಫೈಲ್ ನಿಮ್ಮ ಕಡೆ ಎಷ್ಟು ಕಂಪ್ಯೂಟರಿನಲ್ಲಿ ಇದೆ ಅನ್ನುವುದು ಮೊದಲ ಪ್ರಶ್ನೆ. ಒಂದೇ ಕಡೆ ಇದ್ದರೆ ಯಾವ ಕ್ಲೌಡ್ ಆದರೂ ನಡೆಯುತ್ತದೆ. ನಲವತ್ತು ಅಂಗಡಿಯಲ್ಲಿದ್ದರೆ ಆಯ್ಕೆ ಪೂರ್ತಿ ಬೇರೆಯಾಗುತ್ತದೆ.

ಸಿಎ ಫೈಲ್, ಮತ್ತು ಎಲ್ಲರೂ ಮುಚ್ಚಿಡುವ ಆ ಒಂದು ಸೆಟ್ಟಿಂಗ್

ಡೇಟಾಬೇಸ್ ಸರ್ವರ್ ಹತ್ತಿರ ಒಂದು ಸರ್ಟಿಫಿಕೇಟ್ ಇರುತ್ತದೆ. ಅದಕ್ಕೆ ಸಹಿ ಹಾಕಿದವರು ಸರ್ಟಿಫಿಕೇಟ್ ಅಥಾರಿಟಿ, ಅಂದರೆ ಸಿಎ. ಆ ಸಿಎಯ ರೂಟ್ ಸರ್ಟಿಫಿಕೇಟ್ ನಿಮ್ಮ ಆ್ಯಪ್ ಕಡೆ ಒಂದು ಫೈಲ್ ಆಗಿ ಇರುತ್ತದೆ. ಆ್ಯಪ್ ಸಂಪರ್ಕ ಮಾಡುವಾಗ ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸುತ್ತದೆ. ಆ್ಯಪ್ ಅದನ್ನು ಈ ಸಿಎ ಫೈಲಿನ ಜೊತೆ ತಾಳೆ ನೋಡುತ್ತದೆ. ಹೆಸರು ಸರಿಯಿದೆಯಾ, ಅವಧಿ ಉಳಿದಿದೆಯಾ ಅಂತಲೂ ನೋಡುತ್ತದೆ.

ನೋಡಬೇಕು, ಆದರೆ ಎಷ್ಟೋ ಕಡೆ ನೋಡುವುದೇ ಇಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಎಸ್‌ಎಸ್‌ಎಲ್ ಮೋಡ್ ಅಂತ ಒಂದು ಸೆಟ್ಟಿಂಗ್ ಇದೆ. ನೀವು ಏನೂ ಹೇಳದಿದ್ದರೆ ಅದು 'ಪ್ರಿಫರ್' ಆಗಿರುತ್ತದೆ. ಅಂದರೆ ಎನ್‌ಕ್ರಿಪ್ಷನ್ (ದಾರಿಯಲ್ಲಿ ಯಾರೂ ಓದದ ಹಾಗೆ ಡೇಟಾ ಗುಟ್ಟಾಗಿಸುವುದು) ಸಿಕ್ಕರೆ ತಗೊಳ್ಳುತ್ತದೆ, ಸಿಗದಿದ್ದರೆ ಬಯಲಲ್ಲೇ ಡೇಟಾ ಕಳಿಸುತ್ತದೆ. 'ರಿಕ್ವೈರ್' ಹಾಕಿದರೆ ಎನ್‌ಕ್ರಿಪ್ಷನ್ ಕಡ್ಡಾಯ, ಆದರೆ ಸಾಮಾನ್ಯವಾಗಿ ಆಚೆ ಕಡೆ ಇರುವುದು ಯಾರು ಅಂತ ಪರೀಕ್ಷೆ ಆಗುವುದಿಲ್ಲ. 'ವೆರಿಫೈ-ಸಿಎ' ಸಹಿ ನೋಡುತ್ತದೆ. 'ವೆರಿಫೈ-ಫುಲ್' ಸಹಿಯ ಜೊತೆ ಸರ್ವರಿನ ಹೆಸರನ್ನೂ ನೋಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಇದೇ ಸಾಲು 'ಪ್ರಿಫರ್ಡ್', 'ರಿಕ್ವೈರ್ಡ್', 'ವೆರಿಫೈ ಸಿಎ', 'ವೆರಿಫೈ ಐಡೆಂಟಿಟಿ' ಎಂದು ಇದೆ. ಅಲ್ಲೂ ಸುಮ್ನೆ ಬಿಟ್ಟರೆ ಮೊದಲನೆಯದೇ.

'ರಿಕ್ವೈರ್' ಹಾಕಿ ಸಮಾಧಾನ ಪಡುವುದು ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲದ ಬಾಯಿಯನ್ನು ಗಟ್ಟಿಯಾಗಿ ಹೊಲಿದು, ಯಾರ ಲಾರಿ ಅಂತ ನೋಡದೆ ಹೇರಿ ಕಳಿಸಿದ ಹಾಗೆ. ಚೀಲ ಗಟ್ಟಿ ಇದೆ, ನಿಜ. ಆದರೆ ಹೋಗಿದ್ದು ಎಲ್ಲಿಗೆ?

ಇನ್ನೊಂದು ಅಭ್ಯಾಸ ಇದಕ್ಕಿಂತ ಜಾಸ್ತಿ ಕೆಟ್ಟದ್ದು. ನೋಡ್ ಜೆಎಸ್‌ನಲ್ಲಿ ಬರೆದ ಆ್ಯಪ್ ಕ್ಲೌಡ್ ಡೇಟಾಬೇಸ್‌ಗೆ ಸಂಪರ್ಕ ಮಾಡುವಾಗ 'ಸೆಲ್ಫ್ ಸೈನ್ಡ್ ಸರ್ಟಿಫಿಕೇಟ್' ಅಂತ ಎರರ್ ಬರುತ್ತದೆ. ಹುಡುಕಿದರೆ ಸಿಗುವ ಮೊದಲ ಉತ್ತರ 'ರಿಜೆಕ್ಟ್ ಅನ್‌ಆಥರೈಸ್ಡ್' ಅನ್ನುವುದನ್ನು 'ಫಾಲ್ಸ್' ಮಾಡಿ ಅಂತ. ಮಾಡಿದ ತಕ್ಷಣ ಎರರ್ ಹೋಗುತ್ತದೆ. ಅದರ ಜೊತೆ ಪರೀಕ್ಷೆಯೂ ಪೂರ್ತಿ ಹೋಗುತ್ತದೆ. ಆ ಸಾಲು ಡೆವಲಪ್‌ಮೆಂಟ್‌ನಿಂದ ಪ್ರೊಡಕ್ಷನ್‌ಗೆ ಹಾಗೇ ಬಂದುಬಿಡುತ್ತದೆ, ಆಮೇಲೆ ಯಾರೂ ಅದನ್ನು ತೆಗೆಯುವುದಿಲ್ಲ. ದಯವಿಟ್ಟು ಈಗಲೇ ನಿಮ್ಮ ಕೋಡ್‌ನಲ್ಲಿ ಆ ಸಾಲನ್ನು ಹುಡುಕಿ. ಮುಂದೆ ನಾನು ಹೇಳುವ ಹೋಲಿಕೆಗೆ ಅರ್ಥ ಬರುವುದು 'ವೆರಿಫೈ-ಫುಲ್' ಅಥವಾ ಅದಕ್ಕೆ ಸಮನಾದ ಸೆಟ್ಟಿಂಗ್ ಇದ್ದರೆ ಮಾತ್ರ. ಪರೀಕ್ಷೆಯೇ ಇಲ್ಲದಿದ್ದರೆ ಎಲ್ಲ ವ್ಯವಸ್ಥೆಯೂ ಒಂದೇ, ಯಾವುದೂ ನಿಲ್ಲುವುದಿಲ್ಲ, ಯಾವುದೂ ಕಾಯುವುದೂ ಇಲ್ಲ.

ಅವಧಿ ಮುಗಿದ ದಿನ ಏನಾಗುತ್ತದೆ

ಇದನ್ನು ತಿಳಿದುಕೊಂಡರೆ ಅರ್ಧ ತಲೆಬಿಸಿ ಕಡಿಮೆ. ಸರ್ಟಿಫಿಕೇಟ್ ಪರೀಕ್ಷೆ ಆಗುವುದು ಹೊಸ ಸಂಪರ್ಕ ಶುರುವಾಗುವಾಗ ಮಾತ್ರ. ಆಗಲೇ ತೆರೆದಿರುವ ಸಂಪರ್ಕ ಹಾಗೇ ನಡೆಯುತ್ತಿರುತ್ತದೆ. ಈಗಿನ ಆ್ಯಪ್‌ಗಳು ಹತ್ತಿಪ್ಪತ್ತು ಸಂಪರ್ಕಗಳನ್ನು ಪೂಲ್‌ನಲ್ಲಿ ತೆರೆದಿಟ್ಟುಕೊಂಡಿರುತ್ತವೆ. ಹಾಗಾಗಿ ಅವಧಿ ಮುಗಿದ ಕ್ಷಣಕ್ಕೆ ಏನೂ ಆಗುವುದಿಲ್ಲ. ಪೂಲ್‌ನ ಹಳೆಯ ಸಂಪರ್ಕಗಳು ಒಂದೊಂದಾಗಿ ಮುಚ್ಚಿ ಹೊಸದು ತೆರೆಯಲು ಹೋದಾಗ ಒಂದೊಂದೇ ಬೀಳುತ್ತದೆ. ಕೆಲವರಿಗೆ ಆ್ಯಪ್ ನಡೆಯುತ್ತದೆ, ಕೆಲವರಿಗೆ ಇಲ್ಲ. ಅದಕ್ಕೇ ಮೊದಲ ಒಂದು ತಾಸು ಎಲ್ಲರೂ ನೆಟ್‌ವರ್ಕ್ ಮೇಲೆ ಅನುಮಾನ ಪಡುತ್ತಾರೆ. ಆಮೇಲೆ ಯಾರೋ ಆ್ಯಪ್ ರೀಸ್ಟಾರ್ಟ್ ಮಾಡುತ್ತಾರೆ, ಆಗ ಉಳಿದ ಸಂಪರ್ಕಗಳೂ ಹೋಗಿ ಪೂರ್ತಿ ನಿಲ್ಲುತ್ತದೆ.

ಸರ್ಟಿಫಿಕೇಟ್‌ನಲ್ಲಿ ಬರೆದ ಸಮಯ ನಮ್ಮ ಸಮಯ ಅಲ್ಲ, ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮಾನಕ ಸಮಯ. ಅಲ್ಲಿ ಮಧ್ಯರಾತ್ರಿ ಅಂದರೆ ನಮ್ಮಲ್ಲಿ ಬೆಳಗಿನ 5.30. ಅಂಗಡಿ ತೆರೆಯುವ ಹೊತ್ತಿಗೆ ಹೊಸ ಸಂಪರ್ಕ, ಸರಿಯಾಗಿ ಆಗಲೇ ತೊಂದರೆ. ಬರುವ ಫೋನ್ ಹೀಗಿರುತ್ತದೆ: "ಸರ, ನಿನ್ನಿ ರಾತ್ರಿತನಕಾ ಚಲೋ ನಡದಿತ್ರೀ, ಇವತ್ತ ಮುಂಜಾನಿಂದ ಬಿಲ್ಲ ಬರವಲ್ದು. ನೆಟ್ ಐತ್ರಿ, ವಾಟ್ಸಾಪ್ ನಡದೈತಿ." ವಾಟ್ಸಾಪ್ ನಡೆಯುತ್ತಿದ್ದು ಬಿಲ್ ಮಾತ್ರ ನಿಂತಿದೆ ಅಂದರೆ ಸರ್ಟಿಫಿಕೇಟ್ ದಿನಾಂಕ ನೋಡಿ, ಜೊತೆಗೆ ಆ ಕಂಪ್ಯೂಟರಿನ ಗಡಿಯಾರವನ್ನೂ ನೋಡಿ. ಮದರ್‌ಬೋರ್ಡಿನ ಸೆಲ್ ಹೋಗಿ ದಿನಾಂಕ ಹತ್ತು ವರ್ಷ ಹಿಂದಕ್ಕೆ ಬಿದ್ದಿದ್ದರೆ ಸರ್ಟಿಫಿಕೇಟ್ 'ಇನ್ನೂ ಶುರುವಾಗಿಲ್ಲ' ಅಂತ ಎರರ್ ಬರುತ್ತದೆ. ಕರೆಂಟ್ ಹೋಗಿ-ಬಂದು ಮಾಡುವ ಕಡೆ ಹಳೆಯ ಕಂಪ್ಯೂಟರುಗಳಲ್ಲಿ ಇದು ಹೊಸದೇನಲ್ಲ.

ಅಮೆಜಾನ್ ಆರ್‌ಡಿಎಸ್

ಆರ್‌ಡಿಎಸ್ ಅಂದರೆ ಅಮೆಜಾನ್ ತಾನೇ ನಡೆಸಿಕೊಡುವ ಡೇಟಾಬೇಸ್ ಸೇವೆ. ಅದಕ್ಕೆ ಅಮೆಜಾನ್ ತನ್ನದೇ ಸಿಎ ಇಟ್ಟುಕೊಂಡಿದೆ. ಅದು ವಿಂಡೋಸ್, ಲಿನಕ್ಸ್‌ನ ರೂಟ್ ಪಟ್ಟಿಯಲ್ಲಿ, ಅಂದರೆ ಅವು ಮೊದಲೇ ನಂಬುವ ಸಿಎಗಳ ಪಟ್ಟಿಯಲ್ಲಿ, ಬರುವುದಿಲ್ಲ. ನೀವೇ ಅವರ ಸಿಎಗಳನ್ನು ಒಟ್ಟಿಗೆ ಕಟ್ಟಿಟ್ಟ ಬಂಡಲ್ ಫೈಲ್ ಇಳಿಸಿಕೊಂಡು ಆ್ಯಪ್‌ಗೆ ಕೊಡಬೇಕು. ಮೊದಲಿನ ಸಿಎ 2015ರದ್ದು, ಅದರ ಅವಧಿ 2020ರ ಮಾರ್ಚ್‌ನಲ್ಲಿ ಮುಗಿಯಿತು. ಆಮೇಲೆ ಬಂದ 2019ರ ಸಿಎ 2024ರ ಆಗಸ್ಟ್‌ನಲ್ಲಿ ಮುಗಿಯಿತು. ಎರಡೂ ಸಲ ಬಳಕೆದಾರರು ತಮ್ಮ ಆ್ಯಪ್‌ನ ಫೈಲ್ ಬದಲಿಸಬೇಕಾಯಿತು. ಈಗಿರುವ ಹೊಸ ತಲೆಮಾರಿನಲ್ಲಿ ಸಹಿ ಹಾಕುವ ಕೀ ಯಾವ ಬಗೆಯದ್ದು ಅನ್ನುವುದರ ಮೇಲೆ ಅವಧಿ: 2048 ಬಿಟ್ ಆರ್‌ಎಸ್‌ಎ ಸಿಎಗೆ 40 ವರ್ಷ, 4096 ಬಿಟ್‌ನದ್ದಕ್ಕೂ 384 ಬಿಟ್ ಇಸಿಸಿಯದ್ದಕ್ಕೂ 100 ವರ್ಷ. ಸರ್ವರ್ ಸರ್ಟಿಫಿಕೇಟ್ ಮಾತ್ರ ಕಡಿಮೆ ಅವಧಿಯದ್ದು, ಅದನ್ನು ಅಮೆಜಾನ್ ತಾನೇ ಬದಲಿಸುತ್ತದೆ. ಸಿಎ ಹಾಗೇ ಇರುವುದರಿಂದ ನಿಮ್ಮ ಕಡೆಯ ಫೈಲ್ ಮುಟ್ಟಬೇಕಾಗಿಲ್ಲ.

ಇದು ಒಳ್ಳೆಯ ವ್ಯವಸ್ಥೆ, ನನಗೆ ಇಷ್ಟ. ಒಂದು ಸಲ ಎಲ್ಲ ಪ್ರದೇಶಗಳ ಸಿಎ ಇರುವ ಗ್ಲೋಬಲ್ ಬಂಡಲ್ ಹಾಕಿಬಿಟ್ಟರೆ ಬಹಳ ವರ್ಷ ನಿಶ್ಚಿಂತೆ. ಮುಂಬೈ ಬಿಟ್ಟು ಹೈದರಾಬಾದಿಗೆ ಹೋದರೂ ಅದೇ ಫೈಲ್ ಸಾಕು.

ಗಮನ ಬೇಕಾದ್ದು ಮೂರು ಕಡೆ. ಡೇಟಾಬೇಸ್ ಎಂಜಿನ್ನಿನ ಆವೃತ್ತಿ ನೋಡಿಕೊಂಡು ಸರ್ಟಿಫಿಕೇಟ್ ಬದಲಾವಣೆಗೆ ರೀಸ್ಟಾರ್ಟ್ ಬೇಕಾಗಬಹುದು, ಹಾಗಾಗಿ ಮೇಂಟೆನೆನ್ಸ್ ವಿಂಡೋ ರಾತ್ರಿಗೆ ಇಡಿ. ಆ ಸಮಯವನ್ನೂ ಯುಟಿಸಿಯಲ್ಲೇ ಬರೆಯಬೇಕು, ಇಲ್ಲದಿದ್ದರೆ ಸಂತೆ ನಡುವೆ ಬಂದು ಬೀಳುತ್ತದೆ. ಎರಡನೆಯದು ಹೆಸರು. ಆರ್‌ಡಿಎಸ್ ಕೊಡುವ ಉದ್ದ ಹೆಸರಿನ ಬದಲು ನಿಮ್ಮದೇ ಡೊಮೇನ್‌ನಲ್ಲಿ ಚಂದದ ಹೆಸರು ಮಾಡಿ ಅದಕ್ಕೆ ತೋರಿಸಿದರೆ 'ವೆರಿಫೈ-ಫುಲ್' ಒಪ್ಪುವುದಿಲ್ಲ, ಯಾಕೆಂದರೆ ಸರ್ಟಿಫಿಕೇಟ್‌ನಲ್ಲಿ ಆ ಹೆಸರಿಲ್ಲ. ಉದ್ದ ಹೆಸರನ್ನೇ ಬಳಸಿ. ಮೂರನೆಯದು, ಎನ್‌ಕ್ರಿಪ್ಷನ್ ಇಲ್ಲದ ಸಂಪರ್ಕವನ್ನು ಸರ್ವರ್ ಕಡೆಯಿಂದಲೇ ತಡೆಯುವುದು. ಪೋಸ್ಟ್‌ಗ್ರೆಸ್ 15ರಿಂದ ಆರ್‌ಡಿಎಸ್‌ನಲ್ಲಿ ಅದು ತಾನಾಗಿಯೇ ಇದೆ. ಅದಕ್ಕಿಂತ ಹಳೆಯದಿದ್ದರೆ ಪ್ಯಾರಾಮೀಟರ್ ಗ್ರೂಪ್ ಎಂಬ ಸೆಟ್ಟಿಂಗ್ ಪಟ್ಟಿಯಲ್ಲಿ ನೀವೇ ಹಾಕಬೇಕು. ಮೈಎಸ್‌ಕ್ಯೂಎಲ್ ಇದ್ದರೆ 'ರಿಕ್ವೈರ್ ಸೆಕ್ಯೂರ್ ಟ್ರಾನ್ಸ್‌ಪೋರ್ಟ್' ಅನ್ನುವುದನ್ನು ಒಂದು ಸಲ ತೆರೆದು ನೋಡಿ.

ಗೂಗಲ್ ಕ್ಲೌಡ್ ಎಸ್‌ಕ್ಯೂಎಲ್

ಇದು ಗೂಗಲ್ ನಡೆಸುವ ಅಂಥದ್ದೇ ಸೇವೆ. ಇಲ್ಲಿ ಹಳೆಯ ಪದ್ಧತಿಯಲ್ಲಿ ಪ್ರತಿ ಡೇಟಾಬೇಸ್ ಇನ್‌ಸ್ಟನ್ಸ್‌ಗೂ, ಅಂದರೆ ನೀವು ತೆರೆಯುವ ಪ್ರತಿ ಡೇಟಾಬೇಸ್ ಸರ್ವರಿಗೂ, ಬೇರೆ ಬೇರೆ ಸಿಎ, 10 ವರ್ಷದ ಅವಧಿ. ಮೂರು ಗ್ರಾಹಕರಿಗೆ ಮೂರು ಇನ್‌ಸ್ಟನ್ಸ್ ಇದ್ದರೆ ಮೂರು ಸಿಎ ಫೈಲ್. ಜೊತೆಗೆ ಈ ಪದ್ಧತಿಯ ಸರ್ಟಿಫಿಕೇಟ್‌ನಲ್ಲಿ ನೀವು ಸಂಪರ್ಕಿಸುವ ವಿಳಾಸ ಇರುವುದಿಲ್ಲ, ಪ್ರಾಜೆಕ್ಟ್ ಮತ್ತು ಇನ್‌ಸ್ಟನ್ಸ್ ಹೆಸರು ಇರುತ್ತದೆ. ಹಾಗಾಗಿ ನೇರ ಸಂಪರ್ಕದಲ್ಲಿ 'ವೆರಿಫೈ-ಸಿಎ' ತನಕ ಮಾತ್ರ ಹೋಗಬಹುದು. ಆ ಸಿಎ ಬೇರೆ ಯಾರಿಗೂ ಸಹಿ ಹಾಕುವುದಿಲ್ಲವಾದ್ದರಿಂದ ಅದೇನೂ ದೊಡ್ಡ ದೋಷವಲ್ಲ. ಈಗ ಹಲವು ಇನ್‌ಸ್ಟನ್ಸ್‌ಗೆ ಒಂದೇ ಆದ ಹಂಚಿಕೆಯ ಸಿಎ ಆಯ್ಕೆಯೂ ಬಂದಿದೆ.

ಬದಲಾವಣೆಯ ವಿಧಾನ ಇವರದ್ದು ಚೆನ್ನಾಗಿದೆ. ಮೊದಲು ಹೊಸ ಸಿಎ ಸೇರಿಸುತ್ತೀರಿ, ಹಳೆಯದೇ ನಡೆಯುತ್ತಿರುತ್ತದೆ. ಹೊಸ ಫೈಲನ್ನು ಎಲ್ಲ ಆ್ಯಪ್‌ಗೂ ಹಂಚುತ್ತೀರಿ. ಆಮೇಲೆ ಬಟನ್ ಒತ್ತಿ ಬದಲಿಸುತ್ತೀರಿ. ಯಾರಾದರೂ ಬಿಟ್ಟುಹೋಗಿದ್ದು ಗೊತ್ತಾದರೆ ಹಿಂದಕ್ಕೂ ಬರಬಹುದು. ಆದರೆ ಇದನ್ನು ನೀವೇ ನೆನಪಿಟ್ಟು ಮಾಡಬೇಕು. 10 ವರ್ಷದ ಮೇಲೆ ಆ ತಂಡದಲ್ಲಿ ಯಾರಿರುತ್ತಾರೆ?

ಗೂಗಲ್ ಆರಿಸಿದವರಿಗೆ ನನ್ನ ಸಲಹೆ: ಸಿಎ ಫೈಲ್ ಗೊಡವೆಗೇ ಹೋಗಬೇಡಿ, ಆಥ್ ಪ್ರಾಕ್ಸಿ ಹಾಕಿ. ಆ್ಯಪ್ ಇರುವ ಸರ್ವರಿನಲ್ಲೇ ಒಂದು ಸಣ್ಣ ಪ್ರೋಗ್ರಾಂ ಓಡುತ್ತಿರುತ್ತದೆ. ಅದು ಒಂದು ತಾಸಿನ ಅವಧಿಯ ಸರ್ಟಿಫಿಕೇಟ್ ತಾನೇ ಪಡೆದು, ಮುಗಿಯುವ ಮೊದಲೇ ತಾನೇ ಹೊಸದು ತಗೊಳ್ಳುತ್ತದೆ. ಆ್ಯಪ್ ಲೋಕಲ್‌ಹೋಸ್ಟ್‌ಗೆ, ಅಂದರೆ ಅದೇ ಕಂಪ್ಯೂಟರಿನೊಳಗೆ, ಮಾತಾಡಿದರೆ ಸಾಕು. ಯಾರಿಗೆ ಪ್ರವೇಶ ಇದೆ ಅನ್ನುವುದನ್ನು ಗೂಗಲ್ ಖಾತೆಯ ಅನುಮತಿಯಲ್ಲೇ ನಿಯಂತ್ರಿಸಬಹುದು. ಆಫೀಸಿನ ಫೈರ್‌ವಾಲ್ ಬಿಗಿ ಇದ್ದರೆ ಹೊರಗೆ ಹೋಗುವ 3307 ಪೋರ್ಟ್ (ನೆಟ್‌ವರ್ಕಿನ ಬಾಗಿಲಿನ ನಂಬರ್) ತೆರೆದಿರಬೇಕು, ಅದೊಂದನ್ನು ಮೊದಲೇ ಕೇಳಿಕೊಳ್ಳಿ. ಪ್ರಾಕ್ಸಿ ನಿಂತರೆ ಆ್ಯಪ್ ನಿಲ್ಲುತ್ತದೆ ಅನ್ನುವುದೂ ನಿಜ, ಲಿನಕ್ಸ್‌ನ ಸಿಸ್ಟಮ್‌ಡಿ ಸರ್ವಿಸ್ ಆಗಿ ಹಾಕಿ ರೀಸ್ಟಾರ್ಟ್ ಸೆಟ್ಟಿಂಗ್ ಕೊಟ್ಟರೆ ಬಿದ್ದರೂ ತಾನೇ ಏಳುತ್ತದೆ.

ಅಮೆಜಾನ್‌ನಲ್ಲೂ ಇದಕ್ಕೆ ಹತ್ತಿರದ್ದು ಒಂದಿದೆ, ಆರ್‌ಡಿಎಸ್ ಪ್ರಾಕ್ಸಿ. ಅದು ಕಂಪ್ಯೂಟರುಗಳು ಮೊದಲೇ ನಂಬುವ ಅಮೆಜಾನ್‌ನ ಸಾರ್ವಜನಿಕ ರೂಟ್ ಬಳಸುವುದರಿಂದ ಬೇರೆ ಬಂಡಲ್ ಬೇಡ. ಆದರೆ ಅದು ಅವರ ಖಾಸಗಿ ನೆಟ್‌ವರ್ಕಿನ ಒಳಗಿಂದ ಮಾತ್ರ ಸಿಗುತ್ತದೆ, ದುಡ್ಡೂ ಬೇರೆ. ಸರ್ಟಿಫಿಕೇಟ್ ಸಲುವಾಗಿ ಮಾತ್ರ ಅದನ್ನು ತಗೊಳ್ಳುವುದು ಬೇಡ.

ಅಜೂರ್, ಅಟ್ಲಾಸ್, ನಿಯಾನ್: ಸಾರ್ವಜನಿಕ ಸಿಎ ಬಳಸುವವರು

ಮೈಕ್ರೋಸಾಫ್ಟ್ ಅಜೂರ್‌ನ ಡೇಟಾಬೇಸ್‌ಗಳು ಎಲ್ಲರಿಗೂ ಗೊತ್ತಿರುವ ಸಾರ್ವಜನಿಕ ಸಿಎಗಳನ್ನು ಬಳಸುತ್ತವೆ. ಮೊದಲು ಬಾಲ್ಟಿಮೋರ್ ಸೈಬರ್‌ಟ್ರಸ್ಟ್ ರೂಟ್ ಇತ್ತು, ಅದರ ಅವಧಿ 2025ರ ಮೇನಲ್ಲಿ ಮುಗಿಯಿತು. ಈಗ ಡಿಜಿಸರ್ಟ್ ಗ್ಲೋಬಲ್ ರೂಟ್ ಜಿ2 ಮತ್ತು ಮೈಕ್ರೋಸಾಫ್ಟ್‌ನ 2017ರ ಆರ್‌ಎಸ್‌ಎ ರೂಟ್ ಎರಡೂ ನಿಮ್ಮ ರೂಟ್ ಪಟ್ಟಿಯಲ್ಲಿ ಇರಲಿ ಅಂತ ಅವರೇ ಹೇಳುತ್ತಾರೆ. ಮೊಂಗೋಡಿಬಿ ಅಟ್ಲಾಸ್ ಮತ್ತು ನಿಯಾನ್ ಎಂಬ ಡೇಟಾಬೇಸ್ ಸೇವೆಗಳು ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಸಿಎ ಆದ ಲೆಟ್ಸ್ ಎನ್‌ಕ್ರಿಪ್ಟ್ ಕಡೆಯ ಸರ್ಟಿಫಿಕೇಟ್ ಬಳಸುತ್ತಾ ಬಂದಿವೆ.

ಇವುಗಳಲ್ಲಿ ಅನುಕೂಲ ಏನೆಂದರೆ ಸಿಎ ಫೈಲ್ ಬೇರೆ ಇಡಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಆಗಲೇ ಇರುವ ರೂಟ್ ಪಟ್ಟಿಯೇ ಸಾಕು. ಪೋಸ್ಟ್‌ಗ್ರೆಸ್ 16ರ ಲೈಬ್ರರಿಯಿಂದ ರೂಟ್ ಫೈಲಿನ ಜಾಗದಲ್ಲಿ 'ಸಿಸ್ಟಮ್' ಅಂತ ಬರೆದರೆ ಆಪರೇಟಿಂಗ್ ಸಿಸ್ಟಮ್‌ನ ಪಟ್ಟಿಯನ್ನೇ ತಗೊಳ್ಳುತ್ತದೆ, ಜೊತೆಗೆ 'ವೆರಿಫೈ-ಫುಲ್' ಕಡ್ಡಾಯ ಮಾಡುತ್ತದೆ. ಇದು ನನಗೆ ಬಹಳ ಹಿಡಿಸಿದ ಬದಲಾವಣೆ.

ಆದರೆ 'ಆಗಲೇ ಇರುವ ಪಟ್ಟಿ' ಎಷ್ಟು ಹೊಸದು? 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಆಸರೆ ಪಡೆದಿದ್ದ ಹಳೆಯ ರೂಟ್‌ನ ಅವಧಿ ಮುಗಿದಾಗ ಅಪ್‌ಡೇಟ್ ಕಾಣದ ಎಷ್ಟೋ ಸಿಸ್ಟಮ್‌ಗಳು ನಿಂತವು. ಸರ್ಟಿಫಿಕೇಟ್ ಪರೀಕ್ಷಿಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ 1.0.2 ಆವೃತ್ತಿ ಇದ್ದ ಕಡೆ ಹೊಸ ರೂಟ್ ಇದ್ದರೂ ಗೊಂದಲವಾಯಿತು. ಜಾವಾ 8ರ 141ನೇ ಅಪ್‌ಡೇಟ್‌ಗಿಂತ ಹಿಂದಿನದ್ದರಲ್ಲಿ ಹೊಸ ರೂಟ್ ಇರಲೇ ಇಲ್ಲ. ಇಲ್ಲೊಂದು ವಿಷಯ ತುಂಬ ಜನರಿಗೆ ಗೊತ್ತಿರುವುದಿಲ್ಲ: ಒಂದೇ ಕಂಪ್ಯೂಟರಿನಲ್ಲಿ ಬೇರೆ ಬೇರೆ ರೂಟ್ ಪಟ್ಟಿಗಳು ಇರುತ್ತವೆ. ಡಾಟ್‌ನೆಟ್ ವಿಂಡೋಸ್‌ನ ಪಟ್ಟಿ ನೋಡುತ್ತದೆ. ಜಾವಾ ತನ್ನದೇ ಪಟ್ಟಿ ಇಟ್ಟುಕೊಂಡಿರುತ್ತದೆ. ನೋಡ್ ಜೆಎಸ್ ತನ್ನೊಳಗೇ ಕಟ್ಟಿಕೊಂಡು ಬರುತ್ತದೆ. ಆ್ಯಪನ್ನು ಡಬ್ಬಿಯಲ್ಲಿ ಕಟ್ಟಿ ಓಡಿಸುವ ಡಾಕರ್‌ನ ಸಣ್ಣ ಇಮೇಜ್‌ಗಳಲ್ಲಿ ರೂಟ್ ಪಟ್ಟಿಯ ಪ್ಯಾಕೇಜನ್ನು ನೀವೇ ಹಾಕಬೇಕಾಗಬಹುದು. ಬ್ರೌಸರ್‌ನಲ್ಲಿ ಸರಿ ಕಾಣುವುದು ಆ್ಯಪ್‌ನಲ್ಲಿ ಬೀಳುವುದಕ್ಕೆ ಇದೇ ಕಾರಣ.

ಮತ್ತೆ, ಸಾರ್ವಜನಿಕ ಸಿಎ ಬಳಸುವ ಕಡೆ ಒಂದೇ ಸಿಎಯನ್ನು, ಅದರಲ್ಲೂ ರೂಟ್‌ಗೂ ಸರ್ವರ್ ಸರ್ಟಿಫಿಕೇಟ್‌ಗೂ ನಡುವಿನ ಇಂಟರ್‌ಮೀಡಿಯೇಟ್ ಸರ್ಟಿಫಿಕೇಟನ್ನು ಕೋಡ್‌ನಲ್ಲಿ ಕಟ್ಟಿಹಾಕಬೇಡಿ. ಅವರು ಯಾವಾಗ ಬೇಕಾದರೂ ಬದಲಿಸುತ್ತಾರೆ, ಬದಲಿಸುವ ಹಕ್ಕು ಅವರಿಗಿದೆ.

ಡಿಜಿಟಲ್ ಓಷನ್, ಐವೆನ್, ಸುಪಾಬೇಸ್ ಎಂಬ ಬೇರೆ ಡೇಟಾಬೇಸ್ ಸೇವೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇವು ತಮ್ಮ ಸಿಎ ಫೈಲನ್ನು ಡ್ಯಾಶ್‌ಬೋರ್ಡಿನಿಂದ ಇಳಿಸಿಕೊಳ್ಳಲು ಕೊಡುತ್ತವೆ. ಡಿಜಿಟಲ್ ಓಷನ್‌ಗೆ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇರುವುದರಿಂದ ನಮ್ಮ ಕಡೆಯವರು ಅದನ್ನು ಆರಿಸುತ್ತಾರೆ, ತಪ್ಪಿಲ್ಲ. ಆದರೆ ಇವರು ಕಾಪಿ ಮಾಡಲು ಕೊಡುವ ಸಂಪರ್ಕದ ಸಾಲಿನಲ್ಲಿ ಎಷ್ಟೋ ಸಲ 'ರಿಕ್ವೈರ್' ಇರುತ್ತದೆ. ಅದನ್ನು ಹಾಗೇ ಅಂಟಿಸಿದರೆ ಇಳಿಸಿಕೊಂಡ ಸಿಎ ಫೈಲ್ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಉಳಿಯುತ್ತದೆ.

ಸ್ವಂತ ಸರ್ವರ್, ಲೆಟ್ಸ್ ಎನ್‌ಕ್ರಿಪ್ಟ್

ದುಡ್ಡು ಉಳಿಸಲು ಒಂದು ವರ್ಚುವಲ್ ಮಷೀನ್ (ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರ್) ತಗೊಂಡು ಅದರಲ್ಲಿ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ತಾವೇ ಹಾಕಿಕೊಳ್ಳುವವರು ನಮ್ಮ ಕಡೆ ಜಾಸ್ತಿ. ತಿಂಗಳ ಖರ್ಚು ನಿಜವಾಗಿಯೂ ಕಡಿಮೆಯಾಗುತ್ತದೆ. ಸರ್ಟಿಫಿಕೇಟ್ ಕೂಡ ಪುಕ್ಕಟೆ. ಆದರೆ ಪೂರ್ತಿ ಜವಾಬ್ದಾರಿ ನಿಮ್ಮ ತಲೆಗೆ.

ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್‌ನ ಅವಧಿ 90 ದಿನ, 2028ರ ಹೊತ್ತಿಗೆ 45 ದಿನಕ್ಕೆ ಇಳಿಸುವುದಾಗಿ ಅವರು ಹೇಳಿದ್ದಾರೆ. ಇದು ಅವರೊಬ್ಬರ ತೀರ್ಮಾನ ಅಲ್ಲ. ಸಿಎಗಳು ಮತ್ತು ಬ್ರೌಸರ್ ಕಂಪನಿಗಳು ಸೇರಿರುವ ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ನಿಯಮ ಮಾಡಿದೆ: ಸಾರ್ವಜನಿಕ ಸರ್ಟಿಫಿಕೇಟ್‌ನ ಗರಿಷ್ಠ ಅವಧಿ 2026ರ ಮಾರ್ಚ್‌ನಿಂದ 200 ದಿನ, 2027ರ ಮಾರ್ಚ್‌ನಿಂದ 100 ದಿನ, 2029ರ ಮಾರ್ಚ್‌ನಿಂದ 47 ದಿನ. ದುಡ್ಡು ಕೊಟ್ಟು ಒಂದು ವರ್ಷದ ಸರ್ಟಿಫಿಕೇಟ್ ತಂದು ಹಾಕಿ ಕೂರುವ ಕಾಲ ಮುಗಿಯಿತು. ಅವಧಿ ಮುಗಿಯುತ್ತಿದೆ ಅಂತ ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಇಮೇಲ್ ಕೂಡ 2025ರ ಜೂನ್‌ನಲ್ಲಿ ನಿಂತಿದೆ. ಕೈಯಿಂದ ರಿನ್ಯೂ ಮಾಡುತ್ತೇನೆ ಅನ್ನುವವರು ಈ ದಾರಿಗೆ ಬರಲೇಬೇಡಿ.

ವೆಬ್‌ಸೈಟಿಗೆ ಸರ್ಟ್‌ಬಾಟ್ (ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ತಾನೇ ತಂದು ರಿನ್ಯೂ ಮಾಡುವ ಪ್ರೋಗ್ರಾಂ) ಹಾಕಿ ರೂಢಿ ಇರುವವರಿಗೂ ಡೇಟಾಬೇಸ್‌ನಲ್ಲಿ ಹೊಸ ತೊಡಕು ಎದುರಾಗುತ್ತದೆ. ಡೇಟಾಬೇಸ್ ಸರ್ವರಿನಲ್ಲಿ ವೆಬ್‌ಸೈಟಿನ 80ನೇ ಪೋರ್ಟ್ ತೆರೆಯುವುದು ಸರಿಯಲ್ಲ, ಹಾಗಾಗಿ ಡಿಎನ್‌ಎಸ್ (ಡೊಮೇನ್ ಹೆಸರಿನ ದಾಖಲೆ) ದಾರಿಯಲ್ಲಿ ಡೊಮೇನ್ ನಿಮ್ಮದೇ ಅಂತ ತೋರಿಸಬೇಕು. ಅದಕ್ಕೆ ನಿಮ್ಮ ಡಿಎನ್‌ಎಸ್ ಕಂಪನಿಯ ಎಪಿಐ (ಪ್ರೋಗ್ರಾಂಗಳು ಒಂದರ ಜೊತೆ ಒಂದು ಮಾತಾಡುವ ದಾರಿ) ಬೇಕು. ಸರ್ಟ್‌ಬಾಟ್ ಸರ್ಟಿಫಿಕೇಟ್‌ನ ಹೊಸ ಗುಟ್ಟಿನ ಕೀ ಫೈಲನ್ನು ಲಿನಕ್ಸ್‌ನ ರೂಟ್ (ಅಡ್ಮಿನ್) ಬಳಕೆದಾರನ ಹೆಸರಲ್ಲಿ ಇಡುತ್ತದೆ, ಪೋಸ್ಟ್‌ಗ್ರೆಸ್‌ಗೆ ಅದನ್ನು ಓದಲು ಆಗುವುದಿಲ್ಲ. ಎಲ್ಲರೂ ಓದುವ ಹಾಗೆ ಅನುಮತಿ ಸಡಿಲ ಮಾಡಿದರೂ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ, ಕೀ ಫೈಲ್ ಬಿಗಿಯಾಗಿ ಇರಲೇಬೇಕು. ಹಾಗಾಗಿ ರಿನ್ಯೂ ಆದ ಮೇಲೆ ಓಡುವ ಡಿಪ್ಲಾಯ್ ಹುಕ್‌ನಲ್ಲಿ ಫೈಲ್ ನಕಲು ಮಾಡಿ, ಮಾಲೀಕತ್ವ ಬದಲಿಸಿ, ಅನುಮತಿ 600 (ಮಾಲೀಕ ಮಾತ್ರ ಓದುವ ಹಾಗೆ) ಮಾಡಿ, ಡೇಟಾಬೇಸ್‌ಗೆ ರೀಲೋಡ್ ಹೇಳಬೇಕು. ಪೋಸ್ಟ್‌ಗ್ರೆಸ್ 10ರಿಂದ ರೀಲೋಡ್ ಸಾಕು, ರೀಸ್ಟಾರ್ಟ್ ಬೇಡ. ಮೈಎಸ್‌ಕ್ಯೂಎಲ್‌ನಲ್ಲಿ 8.0.16ರಿಂದ ಟಿಎಲ್‌ಎಸ್ (ಎಸ್‌ಎಸ್‌ಎಲ್‌ನ ಈಗಿನ ಹೆಸರು) ರೀಲೋಡ್ ಆದೇಶ ಇದೆ. ಮೊಂಗೋಡಿಬಿ 5.0ರಿಂದ ಸರ್ಟಿಫಿಕೇಟ್ ಬದಲಿಸುವ ಆದೇಶ ಬಂದಿದೆ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಈ ರೀಲೋಡ್. ಡಿಸ್ಕ್ ಮೇಲೆ ಹೊಸ ಸರ್ಟಿಫಿಕೇಟ್ ಬಂದಿರುತ್ತದೆ, ಸರ್ಟ್‌ಬಾಟ್ ಲಾಗ್‌ನಲ್ಲಿ ಎಲ್ಲ ಸರಿ ಅಂತ ಇರುತ್ತದೆ, ಆದರೆ ಡೇಟಾಬೇಸ್ ಮೆಮೊರಿಯಲ್ಲಿ ಹಳೆಯದನ್ನೇ ಹಿಡಿದು ಕೂತಿರುತ್ತದೆ. ಹಾಗಾಗಿ ಫೈಲಿನ ದಿನಾಂಕ ನೋಡಿ ಪ್ರಯೋಜನ ಇಲ್ಲ, ಸರ್ವರ್ ನಿಜವಾಗಿ ಏನು ತೋರಿಸುತ್ತಿದೆ ಅಂತ ಹೊರಗಿನಿಂದ ಸಂಪರ್ಕ ಮಾಡಿ ನೋಡಬೇಕು.

ಮೈಎಸ್‌ಕ್ಯೂಎಲ್ ಮೊದಲ ಸಲ ಶುರುವಾಗುವಾಗ ತಾನೇ 10 ವರ್ಷದ ಸರ್ಟಿಫಿಕೇಟ್ ತಯಾರು ಮಾಡಿಕೊಳ್ಳುತ್ತದೆ. ಇದೆಯಲ್ಲ, ಸಾಕು ಅಂತ ಬಿಡುವವರಿದ್ದಾರೆ. ಎನ್‌ಕ್ರಿಪ್ಷನ್‌ಗೆ ಅದು ಸಾಕು. ಆದರೆ ಅದರಲ್ಲಿ ನಿಮ್ಮ ಸರ್ವರಿನ ಹೆಸರಿಲ್ಲ, ಹೆಸರಿನ ಪರೀಕ್ಷೆ ಅದರಿಂದ ಆಗುವುದಿಲ್ಲ.

ಸ್ವಂತ ಸಿಎ

ಸ್ವಂತ ಸಿಎ ಮಾಡಿಕೊಳ್ಳುವುದು ಕೇಳಲು ದೊಡ್ಡದು ಅನಿಸುತ್ತದೆ, ಮಾಡಲು ಅಷ್ಟಿಲ್ಲ. ಓಪನ್‌ಎಸ್‌ಎಸ್‌ಎಲ್‌ನಿಂದ ಅರ್ಧ ದಿನದಲ್ಲಿ ಆಗುತ್ತದೆ. ಸ್ಟೆಪ್-ಸಿಎ ಅನ್ನುವ ಪುಕ್ಕಟೆ ಪ್ರೋಗ್ರಾಂ ಇದೆ, ಅದು ಮೊದಲಿಗೇ 24 ತಾಸಿನ ಸರ್ಟಿಫಿಕೇಟ್ ಕೊಟ್ಟು ತಾನಾಗಿ ರಿನ್ಯೂ ಮಾಡುವ ಪದ್ಧತಿಗೆ ಹೊಂದಿಸಿದೆ. ಅಮೆಜಾನ್‌ನ ಖಾಸಗಿ ಸಿಎ ಸೇವೆ ಬೇಕೆಂದರೆ ಸಾಮಾನ್ಯ ಬಗೆಯದ್ದಕ್ಕೆ ತಿಂಗಳಿಗೆ 400 ಡಾಲರ್, ಕಡಿಮೆ ಅವಧಿಯ ಸರ್ಟಿಫಿಕೇಟ್ ಮಾತ್ರ ಕೊಡುವ ಬಗೆಯದ್ದಕ್ಕೆ 50 ಡಾಲರ್. ಸಣ್ಣ ತಂಡಕ್ಕೆ 400 ಡಾಲರ್ ಆಗದ ಮಾತು, ಡೇಟಾಬೇಸ್ ಬಿಲ್ಲಿಗಿಂತ ಅದೇ ಜಾಸ್ತಿಯಾಗುತ್ತದೆ.

ಸ್ವಂತ ಸಿಎಯ ನಿಜವಾದ ಉಪಯೋಗ ಕ್ಲೈಂಟ್ ಸರ್ಟಿಫಿಕೇಟ್‌ನಲ್ಲಿದೆ. ಸರ್ವರ್ ತನ್ನ ಗುರುತು ತೋರಿಸುವುದರ ಜೊತೆಗೆ ಪ್ರತಿ ಅಂಗಡಿಯ ಕಂಪ್ಯೂಟರೂ ತನ್ನ ಗುರುತು ತೋರಿಸಬೇಕು ಅಂತ ಮಾಡಬಹುದು. ಪಾಸ್‌ವರ್ಡ್ ಯಾರ ಕೈಗೆ ಸಿಕ್ಕರೂ ಆ ಸರ್ಟಿಫಿಕೇಟ್ ಮತ್ತು ಅದರ ಕೀ ಇಲ್ಲದೆ ಒಳಗೆ ಬರಲಾಗುವುದಿಲ್ಲ. ಒಂದು ಅಂಗಡಿ ಬಿಟ್ಟುಹೋದರೆ ಅದರ ಸರ್ಟಿಫಿಕೇಟ್ ಮಾತ್ರ ರದ್ದು ಮಾಡಬಹುದು. ಇದಕ್ಕೆ ಸಾರ್ವಜನಿಕ ಸಿಎ ನೆಚ್ಚಿಕೊಳ್ಳುವಂತಿಲ್ಲ, ಲೆಟ್ಸ್ ಎನ್‌ಕ್ರಿಪ್ಟ್ 2026ರಿಂದ ತನ್ನ ಸಾಮಾನ್ಯ ಸರ್ಟಿಫಿಕೇಟ್‌ಗಳಿಂದ ಕ್ಲೈಂಟ್ ಗುರುತಿನ ಉಪಯೋಗವನ್ನು ತೆಗೆಯುತ್ತಿದೆ. ಆದರೆ ಸಿಎಯ ರೂಟ್ ಕೀ ಎಲ್ಲಿಡುತ್ತೀರಿ? ಅದೇ ಸರ್ವರಿನಲ್ಲಿ ಇಟ್ಟರೆ ಕಳ್ಳನಿಗೆ ಎಲ್ಲ ಒಂದೇ ಕಡೆ ಸಿಗುತ್ತದೆ. ರೂಟ್ ಕೀಯನ್ನು ನೆಟ್ ಇಲ್ಲದ ಕಡೆ, ಎರಡು ಪೆನ್ ಡ್ರೈವ್‌ನಲ್ಲಿ, ಎರಡು ಬೇರೆ ಜಾಗದಲ್ಲಿ ಎನ್‌ಕ್ರಿಪ್ಟ್ ಮಾಡಿ ಇಡಿ. ದಿನದ ಸಹಿಗೆ ಇಂಟರ್‌ಮೀಡಿಯೇಟ್ ಬಳಸಿ.

ಹಾಗಾದರೆ ಯಾರು ಯಾವುದನ್ನು ತಗೋಬೇಕು?

ಧಾರವಾಡದ ಸಪ್ತಾಪುರದಲ್ಲಿ ಒಂದು ಕೋಚಿಂಗ್ ಕ್ಲಾಸ್ ಇದೆ, ವೆಬ್ ಆ್ಯಪ್ ಇದೆ, ಡೇಟಾಬೇಸ್ ಜೊತೆ ಮಾತಾಡುವುದು ಒಂದೇ ಸರ್ವರ್ ಅಂದುಕೊಳ್ಳಿ. ಇಲ್ಲಿ ಜಾಸ್ತಿ ಯೋಚನೆ ಬೇಡ. ಕ್ಲೌಡ್ ಕಂಪನಿಯೇ ನಡೆಸುವ ಮ್ಯಾನೇಜ್ಡ್ ಡೇಟಾಬೇಸ್ ಯಾವುದಾದರೂ ತಗೊಳ್ಳಿ, ಸಿಎ ಫೈಲ್ ಒಂದೇ ಕಡೆ, 'ವೆರಿಫೈ-ಫುಲ್' ಅಥವಾ ಅದಕ್ಕೆ ಸಮನಾದದ್ದು ಹಾಕಿ. ಬೆಲೆ ನೋಡಿ ಆರಿಸಿ.

ಹುಬ್ಬಳ್ಳಿಯ ಆಸ್ಪತ್ರೆ ಅಥವಾ ಲ್ಯಾಬ್ ಆದರೆ ನಾನು ಆರ್‌ಡಿಎಸ್ ಅಥವಾ ಪ್ರಾಕ್ಸಿ ಸಮೇತ ಕ್ಲೌಡ್ ಎಸ್‌ಕ್ಯೂಎಲ್ ಅನ್ನುತ್ತೇನೆ, ಸ್ವಂತ ಸರ್ವರ್ ಬೇಡ. ರೋಗಿಗಳ ಮಾಹಿತಿ ಅದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಸುರಕ್ಷತೆಯ ಕ್ರಮ ತಗೊಳ್ಳದಿದ್ದರೆ 250 ಕೋಟಿ ರೂಪಾಯಿ ತನಕ ದಂಡ ಹಾಕುವ ಅವಕಾಶ ಇದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗೊತ್ತಾದ 6 ತಾಸಿನೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಸಂಪರ್ಕದ ಲಾಗ್ ಮ್ಯಾನೇಜ್ಡ್ ಸೇವೆಯಲ್ಲಿ ಆನ್ ಮಾಡಿದರೆ ಸಿಗುತ್ತದೆ, ಸ್ವಂತ ಸರ್ವರಿನಲ್ಲಿ ಅದನ್ನೂ ನೀವೇ ಕಟ್ಟಬೇಕು.

ಬ್ಯಾಡಗಿಯ ದಲಾಲಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್ ಇದೆಯಲ್ಲ, ಕಷ್ಟದ್ದು ಅದೇ. ನಲವತ್ತು ಅಂಗಡಿ, ನಲವತ್ತು ವಿಂಡೋಸ್ ಕಂಪ್ಯೂಟರ್, ಪ್ರತಿಯೊಂದರಿಂದ ಡೆಸ್ಕ್‌ಟಾಪ್ ಪ್ರೋಗ್ರಾಂ ನೇರವಾಗಿ ಕ್ಲೌಡ್ ಮೈಎಸ್‌ಕ್ಯೂಎಲ್‌ಗೆ ಸಂಪರ್ಕ. ಇಲ್ಲಿ ಸಿಎ ಫೈಲ್ ಬದಲಾದರೆ ನಲವತ್ತು ಕಡೆ ಬದಲಿಸಬೇಕು. ಅದೂ ಮೆಣಸಿನಕಾಯಿ ಆವಕ ಜೋರಾಗಿರುವ ತಿಂಗಳಲ್ಲಿ, ಟೆಂಡರ್ ದಿನ ಬಂತೆಂದರೆ ಯಾರೂ ರಿಮೋಟ್ ಆಕ್ಸೆಸ್‌ಗೆ ಐದು ನಿಮಿಷ ಕಂಪ್ಯೂಟರ್ ಬಿಡುವುದಿಲ್ಲ. ಇಂಥಲ್ಲಿ ಯಾವ ಕ್ಲೌಡ್ ಅನ್ನುವುದಕ್ಕಿಂತ ಮೊದಲು ನಡುವೆ ಒಂದು ಎಪಿಐ ಸರ್ವರ್ ಹಾಕಿ ಅನ್ನುತ್ತೇನೆ. ಅಂಗಡಿಯ ಪ್ರೋಗ್ರಾಂ ಎಪಿಐ ಜೊತೆ ಮಾತಾಡಲಿ, ಡೇಟಾಬೇಸ್ ಜೊತೆ ಎಪಿಐ ಮಾತ್ರ ಮಾತಾಡಲಿ. ಆಗ ಸಿಎ ಫೈಲ್ ನಲವತ್ತರಿಂದ ಒಂದಕ್ಕೆ ಇಳಿಯುತ್ತದೆ. ಡೇಟಾಬೇಸ್ ಪೋರ್ಟ್ ಇಡೀ ಜಗತ್ತಿಗೆ ತೆರೆದಿಡುವುದೂ ತಪ್ಪುತ್ತದೆ, ನನಗೆ ಅದೇ ದೊಡ್ಡ ಲಾಭ ಅನಿಸುತ್ತದೆ. ಕೋಡ್ ಬದಲಿಸಲು ಈಗಲೇ ಆಗುವುದಿಲ್ಲ ಅನ್ನುವವರು ದೀರ್ಘ ಅವಧಿಯ ಸಿಎ ಇರುವ ಆರ್‌ಡಿಎಸ್ ಕಡೆ ಹೋಗಿ, ಸಿಎ ಫೈಲ್ ಪ್ರೋಗ್ರಾಂನ ಒಳಗೆ ಕಟ್ಟಿಹಾಕದೆ ಪಕ್ಕದಲ್ಲಿ ಬೇರೆ ಫೈಲ್ ಆಗಿ ಇಡಿ, ಆಟೋ ಅಪ್‌ಡೇಟ್‌ನಲ್ಲಿ ಅದೊಂದೇ ಹೋಗುವ ಹಾಗೆ ಮಾಡಿ.

ಗದಗ-ಬೆಟಗೇರಿಯ ಒಂದು ಪ್ರೆಸ್‌ನ ಆರ್ಡರ್ ಪುಸ್ತಕದಂಥ ಸಣ್ಣ ಕೆಲಸಕ್ಕೆ, ಬಜೆಟ್ ತೀರಾ ಕಡಿಮೆ ಇದ್ದರೆ, ಆ್ಯಪ್ ಮತ್ತು ಡೇಟಾಬೇಸ್ ಎರಡನ್ನೂ ಒಂದೇ ಮಷೀನಿನಲ್ಲಿ ಇಡಿ. ಡೇಟಾಬೇಸ್ ಲೋಕಲ್‌ಹೋಸ್ಟ್‌ಗೆ ಮಾತ್ರ ಕಿವಿಗೊಡಲಿ. ಆಗ ಡೇಟಾಬೇಸ್‌ಗೆ ಸರ್ಟಿಫಿಕೇಟೇ ಬೇಡ, ಹೊರಗಿನ ವೆಬ್ ಸರ್ವರಿಗೆ ಒಂದು ಸಾಕು. ಬ್ಯಾಕಪ್ ಮಾತ್ರ ಬೇರೆ ಕಡೆ ಹೋಗಲಿ.

ಮೊದಲೇ ಒಂದು ಸಲ ಅಭ್ಯಾಸ

ಯಾವುದನ್ನೇ ಆರಿಸಿ, ಒಪ್ಪುವ ಮೊದಲು ಒಂದು ಟೆಸ್ಟ್ ಡೇಟಾಬೇಸ್ ಮಾಡಿ ಸರ್ಟಿಫಿಕೇಟ್ ಬದಲಿಸಿ ನೋಡಿ. ಆ್ಯಪ್ ಓಡುತ್ತಿರುವಾಗಲೇ ಬದಲಿಸಿ, ಪೂಲ್ ಖಾಲಿ ಮಾಡಿ, ಹೊಸ ಸಂಪರ್ಕ ಬರುತ್ತದಾ ನೋಡಿ. ಬೇಕೆಂದೇ ತಪ್ಪು ಸಿಎ ಫೈಲ್ ಕೊಟ್ಟೂ ನೋಡಿ. ಆಗಲೂ ಸಂಪರ್ಕ ಆದರೆ ನಿಮ್ಮ ಪರೀಕ್ಷೆ ಎಲ್ಲೋ ಮುಚ್ಚಿದೆ ಅಂತ ಅರ್ಥ. ಈ ಎರಡನೆಯ ಪ್ರಯೋಗವನ್ನು ಯಾರೂ ಮಾಡುವುದಿಲ್ಲ, ಆದರೆ ಇದಕ್ಕೆ ಹತ್ತು ನಿಮಿಷ ಸಾಕು.

ದಿನಾಂಕ ನೋಡಲು ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ ಎಂಬ ಆದೇಶ ಸಾಕು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ ಮೊದಲು ತಮ್ಮ ಭಾಷೆಯಲ್ಲಿ ಮಾತಾಡಿ ಆಮೇಲೆ ಟಿಎಲ್‌ಎಸ್‌ಗೆ ಹೊರಳುತ್ತವೆ, ಹಾಗಾಗಿ 'ಸ್ಟಾರ್ಟ್-ಟಿಎಲ್‌ಎಸ್' ಆಯ್ಕೆ ಕೊಟ್ಟು ಯಾವ ಡೇಟಾಬೇಸ್ ಅಂತ ಹೇಳಬೇಕು. ಅದಿಲ್ಲದೆ ನೋಡಿದರೆ ಸರ್ಟಿಫಿಕೇಟೇ ಕಾಣುವುದಿಲ್ಲ. ವೆಬ್‌ಸೈಟ್ ನೋಡುವ ಸಾಮಾನ್ಯ ಮಾನಿಟರಿಂಗ್ ಸೇವೆಗಳಲ್ಲೂ ಡೇಟಾಬೇಸ್ ಸರ್ಟಿಫಿಕೇಟ್ ಇದೇ ಕಾರಣಕ್ಕೆ ತಪ್ಪಿಹೋಗಬಹುದು. ದಿನಕ್ಕೊಮ್ಮೆ ಇದನ್ನು ಓಡಿಸಿ 21 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಮೆಸೇಜ್ ಕಳಿಸುವ ಸಣ್ಣ ಸ್ಕ್ರಿಪ್ಟ್ ಬರೆದಿಡಿ. ಅವಧಿ 45 ದಿನಕ್ಕೆ ಇಳಿದಾಗ ಈ 21ನ್ನು 10 ಮಾಡಿ, ಇಲ್ಲದಿದ್ದರೆ ಮೆಸೇಜ್ ಮೇಲೆ ಮೆಸೇಜ್ ಬಂದು ಯಾರೂ ಓದದ ಹಾಗಾಗುತ್ತದೆ. ಮೆಸೇಜ್ ಒಬ್ಬರ ನಂಬರಿಗೆ ಹೋಗುವುದು ಬೇಡ. ಆ ಹುಡುಗ ಬೆಂಗಳೂರಿಗೆ ಕೆಲಸ ಸಿಕ್ಕಿ ಹೋದ ಮೇಲೆ ಆ ನಂಬರ್ ನೋಡುವವರು ಯಾರು?

ಇದನ್ನೆಲ್ಲ ವಾರ್ಷಿಕ ನಿರ್ವಹಣೆಯ ಎಎಂಸಿ ಪತ್ರದಲ್ಲಿ ಒಂದು ಸಾಲಾಗಿ ಸೇರಿಸಿ. ಡೇಟಾಬೇಸ್ ಸರ್ಟಿಫಿಕೇಟ್ ನೋಡಿಕೊಳ್ಳುವವರು ಯಾರು, ಕ್ಲೌಡ್ ಖಾತೆ ಯಾರ ಇಮೇಲ್‌ನಲ್ಲಿದೆ, ಕ್ಲೌಡ್ ಕಂಪನಿ ಕಳಿಸುವ ಸೂಚನೆ ಯಾರಿಗೆ ಹೋಗುತ್ತದೆ, ಇಷ್ಟು. ಅದಕ್ಕೆ ಬೇರೆಯಾಗಿ ದುಡ್ಡನ್ನೂ ಬರೆಯಿರಿ, ಅದು ಕೆಲಸವೇ. ಖಾತೆ ಗ್ರಾಹಕರ ಹೆಸರಲ್ಲಿ ಇದ್ದರೆ ಸೂಚನೆಯ ಇಮೇಲ್ ನಿಮಗೂ ಬರುವ ಹಾಗೆ ಅದೇ ದಿನ ಹೊಂದಿಸಿಕೊಳ್ಳಿ.